ಗದ್ದೆಗೆ ಮಣ್ಣು ತುಂಬಿಸಿದ ಮೇಲೆ ಎಷ್ಟು ಮಳೆಗಾಲ ಕಾಯಬೇಕು?

ಮನೆ ಕಟ್ಟುವ ನೆಲದ ಬಗ್ಗೆ ಕೇಳಬೇಕಾದ್ದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗದ್ದೆಯದೇ ಸಂಗತಿ. ಮೂವತ್ತೊಂದು ವರ್ಷ ಮಣ್ಣು ಪರೀಕ್ಷಾಲಯದಲ್ಲಿ ದುಡಿದು ಊರಿಗೆ ಮರಳಿದ ನನಗೆ ಇದು ಅನಿರೀಕ್ಷಿತವಲ್ಲ. ನಾನು ಚಿಕ್ಕವಳಿದ್ದಾಗ ನಾಟಿ ನಡೆಯುತ್ತಿದ್ದ ಬಯಲುಗಳಲ್ಲಿ ಈಗ ಕೆಂಪು ಮಣ್ಣಿನ ದಿಬ್ಬಗಳು ಎದ್ದಿವೆ.

ಪ್ರಶ್ನೆ: ನಾಪೋಕ್ಲು ಬಳಿ ಹೊಳೆಗೆ ಸಮೀಪದ ನಮ್ಮ ಗದ್ದೆ ಪಾಳು ಬಿದ್ದು ಹತ್ತು ವರ್ಷವಾಯಿತು. ಮನೆ ಕಟ್ಟಲು ಅನುಮತಿ ಸಿಕ್ಕಿದೆ. ಐದು ಅಡಿ ಮಣ್ಣು ತುಂಬಿಸಲಿದ್ದೇವೆ. ಒಂದು ಮಳೆಗಾಲ ಕಳೆದರೆ ಮಣ್ಣು ಕೂರುತ್ತದೆ, ಆಮೇಲೆ ಧೈರ್ಯವಾಗಿ ಕಟ್ಟಬಹುದು ಎಂದು ಮೇಸ್ತ್ರಿ ಹೇಳುತ್ತಾರೆ. ನಂಬಬಹುದೇ?
— ಓದುಗರು, ನಾಪೋಕ್ಲು

ನಿಮ್ಮ ಮೇಸ್ತ್ರಿ ಹೇಳುವುದು ಅರ್ಧ ನಿಜ. ಅವರು ಮಾತನಾಡುತ್ತಿರುವುದು ನೀವು ತಂದು ಸುರಿಯುವ ಕೆಂಪು ಮಣ್ಣಿನ ಬಗ್ಗೆ. ಅದನ್ನು ಪದರ ಪದರವಾಗಿ ದಮ್ಮಸು ಮಾಡಿ ಒಂದು ಮಳೆಗಾಲ ಬಿಟ್ಟರೆ ಅದು ಬಹುಮಟ್ಟಿಗೆ ಕೂರುತ್ತದೆ. ಆದರೆ ಅದರ ಅಡಿಯಲ್ಲಿ ಇನ್ನೊಂದು ಮಣ್ಣಿದೆ. ಉಳುವಾಗ ಎತ್ತಿನ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತಿದ್ದ ಬೂದು ಬಣ್ಣದ ಜೇಡಿ. ಅದು ಕೂರುವ ಬಗೆಯೇ ಬೇರೆ, ಅದಕ್ಕೆ ಬೇಕಾದ ಕಾಲವೂ ಬೇರೆ.

ನನ್ನ ತಾಯಿ ಅಕ್ಕಿ ನೆನೆಸಿ ಅರೆದ ಹಿಟ್ಟನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ಮೇಲೆ ರುಬ್ಬುಗುಂಡು ಇಡುತ್ತಿದ್ದರು. ಇಟ್ಟ ಕ್ಷಣದಲ್ಲಿ ಗಂಟು ಚಪ್ಪಟೆಯಾಗುವುದಿಲ್ಲ. ಗುಂಡಿನ ಭಾರವನ್ನು ಮೊದಲು ಹೊರುವುದು ಹಿಟ್ಟಿನ ಕಣಗಳಲ್ಲ, ನಡುವೆ ಸಿಕ್ಕಿಬಿದ್ದ ನೀರು. ಒತ್ತಡ ತಾಳಲಾರದೆ ಆ ನೀರು ಬಟ್ಟೆಯ ಕಡೆಗೆ ಜಿನುಗುತ್ತದೆ. ಜಿನುಗಿದಷ್ಟೂ ಭಾರ ಕಣಗಳ ಮೇಲೆ ಬೀಳುತ್ತದೆ, ಗಂಟು ತೆಳ್ಳಗಾಗುತ್ತದೆ, ಗಟ್ಟಿಯಾಗುತ್ತದೆ. ಜೇಡಿಯಲ್ಲಿ ನಡೆಯುವುದೂ ಇದೇ. ಎಂಜಿನಿಯರುಗಳು ಇದನ್ನು ಕನ್ಸಾಲಿಡೇಶನ್ ಎನ್ನುತ್ತಾರೆ. ಇದರ ಲೆಕ್ಕವನ್ನು ಮೊದಲು ಕಟ್ಟಿಕೊಟ್ಟವರು ಎಂಜಿನಿಯರ್ ಕಾರ್ಲ್ ಟರ್ಜಾಗಿ. 1923ರಲ್ಲಿ ಅದು ಪ್ರಕಟವಾದಾಗ ಅವರು ಇಸ್ತಾಂಬುಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿ ಅವರ ಆರಂಭದ ಉಪಕರಣಗಳಲ್ಲಿ ಹಳೆಯ ಸಿಗಾರ್ ಪೆಟ್ಟಿಗೆಗಳೂ ಸೇರಿದ್ದವು.

ಈಗ ನಿಮ್ಮ ಗದ್ದೆಗೆ ಬರೋಣ. ಐದು ಅಡಿ ಎಂದರೆ ಒಂದೂವರೆ ಮೀಟರ್. ದಮ್ಮಸು ಮಾಡಿದ ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. ಹಾಗಾಗಿ ಪ್ರತಿ ಚದರ ಮೀಟರ್ ಜೇಡಿಯ ಮೇಲೆ ನೀವು 2.7 ಟನ್ ಹೇರುತ್ತೀರಿ. ಒಂದು ಅಂತಸ್ತಿನ ಮನೆ ಸರಾಸರಿ ಹೇರುವುದು ಸುಮಾರು ಒಂದರಿಂದ ಒಂದೂವರೆ ಟನ್. ಮನೆಗಿಂತ ಮಣ್ಣೇ ಭಾರ ಎನ್ನುವುದನ್ನು ಜನ ಮರೆಯುತ್ತಾರೆ. ಜೇಡಿ ನಾಲ್ಕು ಮೀಟರ್ ದಪ್ಪ ಇದೆ, ಅದರ ಕೆಳಗೆ ನೀರು ಬಿಡುವ ಮರಳು ಮಿಶ್ರಿತ ಮಣ್ಣಿದೆ ಎಂದಿಟ್ಟುಕೊಳ್ಳಿ. ಮೆತ್ತನೆಯ ಜೇಡಿಗೆ ಸಹಜವಾದ ಅಂಕಿಗಳನ್ನು ಹಾಕಿ ನೋಡಿದರೆ, ತುಂಬಿಸಿದ ಮಣ್ಣೊಂದರಿಂದಲೇ ನೆಲ ಎಂಟು ಒಂಬತ್ತು ಸೆಂಟಿಮೀಟರ್ ತಗ್ಗುತ್ತದೆ. ಅದರಲ್ಲಿ ಅರ್ಧ ತಗ್ಗಲು ಒಂಬತ್ತು ಹತ್ತು ತಿಂಗಳು, ನೂರರಲ್ಲಿ ತೊಂಬತ್ತು ಪಾಲು ತಗ್ಗಲು ಸುಮಾರು 3.4 ವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮುಗಿಯುವುದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ನಿಮ್ಮ ಗೋಡೆ ಎದ್ದ ಮೇಲೆ, ಗೃಹಪ್ರವೇಶವಾದ ಮೇಲೆ.

ಇನ್ನೊಂದು ಮಾತು. ಜೇಡಿಯ ಕೆಳಗಿರುವುದು ಮರಳಲ್ಲ, ನೀರು ಬಿಡದ ಬಂಡೆ ಎಂದಾದರೆ ನೀರಿಗೆ ಮೇಲಿನ ದಾರಿ ಒಂದೇ. ಸಾಗಬೇಕಾದ ದೂರ ಇಮ್ಮಡಿಯಾಗುತ್ತದೆ, ಕಾಲ ನಾಲ್ಕು ಪಟ್ಟಾಗುತ್ತದೆ. 3.4 ವರ್ಷದ ಲೆಕ್ಕ ಹದಿಮೂರೂವರೆ ವರ್ಷವಾಗುತ್ತದೆ. ಆದ್ದರಿಂದಲೇ ಪಕ್ಕದ ಗದ್ದೆಯಲ್ಲಿ ಏನೂ ಆಗಲಿಲ್ಲ ಎನ್ನುವ ಮಾತನ್ನು ನಾನು ಆಧಾರವಾಗಿ ಒಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮಳೆಗಾಲ ಎಣಿಸಬೇಡಿ, ಅಳೆಯಿರಿ. ಮಣ್ಣಿನ ಮೊದಲ ಲೋಡ್ ಬೀಳುವ ಮುನ್ನವೇ ಗದ್ದೆಯ ಮೇಲೆ ಎರಡು ಅಡಿ ಚೌಕದ ಕಬ್ಬಿಣದ ತಟ್ಟೆಯನ್ನೋ ಕಲ್ಲಿನ ಚಪ್ಪಡಿಯನ್ನೋ ಮಟ್ಟಸವಾಗಿ ಇರಿಸಿ. ನಡುವೆ ಒಂದು ಅಂಗುಲದ ಜಿಐ ಪೈಪನ್ನು ನೆಟ್ಟಗೆ ಕೂರಿಸಿ. ಅದರ ಸುತ್ತ ದೊಡ್ಡ ಪಿವಿಸಿ ಪೈಪಿನ ಹೊರಕವಚ ಇರಲಿ. ಇಲ್ಲದಿದ್ದರೆ ಸುತ್ತಲಿನ ಮಣ್ಣು ಕೂರುವಾಗ ಪೈಪನ್ನೂ ಕೆಳಗೆ ಎಳೆದುಕೊಂಡು ಸುಳ್ಳು ಹೇಳಿಸುತ್ತದೆ. ತುಂಬುತ್ತಾ ಹೋದಂತೆ ಪೈಪನ್ನು ಉದ್ದ ಮಾಡಿ, ಸೇರಿಸಿದ ಉದ್ದವನ್ನು ಬರೆದಿಟ್ಟುಕೊಳ್ಳಿ. ಮನೆಯ ನಡುವೆ ಒಂದು, ಮೂಲೆಗಳಲ್ಲಿ ಎರಡಾದರೂ ಇರಲಿ. ಪೈಪಿನ ತುದಿಯ ಎತ್ತರವನ್ನು ಅಲುಗದ ಗುರುತೊಂದಕ್ಕೆ ಹೋಲಿಸಿ ಅಳೆಯಬೇಕು. ಬರೆಯ, ಅಂದರೆ ಗುಡ್ಡದ ಇಳಿಜಾರಿನ, ಮೇಲೆ ಎದ್ದು ಕಾಣುವ ಬಂಡೆ, ಗಟ್ಟಿ ನೆಲದ ಮೇಲೆ ತಲೆಮಾರುಗಳಿಂದ ನಿಂತ ಐನ್‌ಮನೆಯ ಜಗಲಿಕಲ್ಲು ಇದಕ್ಕೆ ಸೂಕ್ತ. ಗದ್ದೆ ಬದಿಯ ಮರವಾಗಲಿ ಬಾವಿಕಟ್ಟೆಯಾಗಲಿ ಬೇಡ, ಅವೂ ತಗ್ಗುತ್ತಿರಬಹುದು. ಸರ್ವೆಯವರ ಆಟೋ ಲೆವೆಲ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಮೇಸ್ತ್ರಿಯ ಪಾರದರ್ಶಕ ನೀರಿನ ಟ್ಯೂಬು ಸಾಕು. ಒಳಗೆ ಗುಳ್ಳೆ ಇರಕೂಡದು, ಪ್ರತಿ ಸಲವೂ ಮೂರು ಬಾರಿ ಓದಬೇಕು. ತುಂಬಿಸುವಾಗ ದಿನವೂ, ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ.

ಅಂಕಿಗಳು ಏನು ಹೇಳುತ್ತವೆ ಎನ್ನುವುದಕ್ಕೆ ಒಂದು ಉದಾಹರಣೆ. ಐದು ತಿಂಗಳಲ್ಲಿ ಒಟ್ಟು ಇಳಿತ ಕ್ರಮವಾಗಿ 24, 41, 53, 61, 67 ಮಿಲಿಮೀಟರ್ ಬಂತು ಎನ್ನಿ. ತಿಂಗಳು ತಿಂಗಳಿಗೆ ಇಳಿದದ್ದು 24, 17, 12, 8, 6. ಪ್ರತಿ ತಿಂಗಳೂ ಹಿಂದಿನದರ ಸುಮಾರು ಹತ್ತರಲ್ಲಿ ಏಳು ಪಾಲು. ಇದೇ ಕ್ರಮ ಮುಂದುವರಿದರೆ ಒಟ್ಟು ನಿಲ್ಲುವುದು 80ರ ಆಸುಪಾಸಿನಲ್ಲಿ. ಅಂದರೆ ಇನ್ನು ಉಳಿದದ್ದು 13 ಮಿಲಿಮೀಟರ್. ಜಪಾನಿನ ಅಸವೋಕಾ ಎಂಬ ಎಂಜಿನಿಯರ್ 1978ರಲ್ಲಿ ಮುಂದಿಟ್ಟ ವಿಧಾನದ ತಿರುಳು ಇದೇ. ನಾಲ್ಕು ಗೆರೆಯ ಪುಸ್ತಕ ಮತ್ತು ಪೆನ್ಸಿಲ್ ಇದ್ದರೆ ನಿಮ್ಮ ಹೈಸ್ಕೂಲು ಓದುವ ಮಗಳೂ ಮಾಡಬಲ್ಲಳು. ಉಳಿದ ಇಳಿತ ಒಂದು ಸೆಂಟಿಮೀಟರಿನ ಸುತ್ತ ಬರುವವರೆಗೆ ಪಾಯ ತೆಗೆಯಬೇಡಿ. ಅಷ್ಟು ಕಾಯಲಾಗದಿದ್ದರೆ ಬೇಕಾದ ಮಟ್ಟಕ್ಕಿಂತ ಮೂರು ನಾಲ್ಕು ಅಡಿ ಹೆಚ್ಚು ಮಣ್ಣು ಹೇರಿ, ತಟ್ಟೆಯ ಅಂಕಿ ನೋಡಿಕೊಂಡು, ಆಮೇಲೆ ಹೆಚ್ಚುವರಿಯನ್ನು ತೆಗೆಯುವ ಉಪಾಯವಿದೆ. ಆದರೆ ಒಂದೇ ವಾರದಲ್ಲಿ ಎಲ್ಲವನ್ನೂ ಸುರಿಯಬೇಡಿ. ಮೆತ್ತನೆಯ ಜೇಡಿ ಭಾರ ತಾಳದೆ ಪಕ್ಕಕ್ಕೆ ಉಬ್ಬಿ ಜಾರಬಹುದು. ಆ ಉಪಾಯಕ್ಕೆ ಎಂಜಿನಿಯರರ ಲೆಕ್ಕ ಬೇಕೇ ಬೇಕು.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನನ್ನ ಸೋದರಮಾವ ಇದೇ ಪ್ರಶ್ನೆ ಕೇಳಿದ್ದರು. ಗದ್ದೆಯ ಅಂಚಿನಲ್ಲಿ ಒಂದೇ ಒಂದು ಕಡೆ ಕೈ ಆಗರಿನಿಂದ ಕೊರೆದು ನೋಡಿ, ಎರಡು ಮಳೆಗಾಲ ಸಾಕು ಮಾವ ಎಂದೆ. ಮನೆ ಎದ್ದ ನಾಲ್ಕನೆಯ ವರ್ಷ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಸೀಳಿತು. ಬಿರುಕಿನೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು. ಆಮೇಲೆ ಬಯಲಿನ ನಡುವೆ ಕೊರೆದಾಗ ಎರಡು ಅಡಿ ದಪ್ಪದ ಕಪ್ಪು ಪದರ ಸಿಕ್ಕಿತು, ಅರ್ಧ ಕೊಳೆತ ಎಲೆಗಳು ಇನ್ನೂ ಕಾಣುತ್ತಿದ್ದವು. ಮಾವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ನಾನು ಒಂದೇ ಗುಂಡಿ ನೋಡಿ ಯಾರಿಗೂ ಉತ್ತರ ಹೇಳಿಲ್ಲ. ನೀವೂ ಕನಿಷ್ಠ ಮೂರು ಕಡೆ ಕೊರೆಸಿ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಒಂದೇ ಮಾದರಿಯ ಕನ್ಸಾಲಿಡೇಶನ್ ಪರೀಕ್ಷೆಯಲ್ಲಿ, ಜೇಡಿ ಎಷ್ಟು ಬೇಗ ಕೂರುತ್ತದೆ ಎಂದು ತಿಳಿಸುವ ಗುಣಾಂಕಕ್ಕೆ ಟೇಲರ್ ವಿಧಾನದಿಂದ ಒಂದು ಅಂಕಿ, ಕ್ಯಾಸಗ್ರಾಂಡೆ ವಿಧಾನದಿಂದ ಅದಕ್ಕಿಂತ ಕಡಿಮೆ ಅಂಕಿ ಬಂದಿದೆ. ಯಾವುದು ಸರಿ? ಇನ್ನು ಹೊಲದಲ್ಲಿ ಎರಡೂ ಸರಿಹೋಗುವುದಿಲ್ಲ ಎನ್ನುತ್ತಾರಲ್ಲ?
— ವಿದ್ಯಾರ್ಥಿನಿ, ಪೊನ್ನಂಪೇಟೆ

ನೀವು ತಪ್ಪು ಮಾಡಿಲ್ಲ. ಟೇಲರ್ ವಿಧಾನದಲ್ಲಿ ಕಾಲದ ವರ್ಗಮೂಲದ ಎದುರು ರೇಖೆ ಎಳೆದು ಪರೀಕ್ಷೆಯ ಆರಂಭದ ಭಾಗವನ್ನು ನೋಡುತ್ತೇವೆ. ಕ್ಯಾಸಗ್ರಾಂಡೆ ವಿಧಾನದಲ್ಲಿ ಲಾಗರಿದಮ್ ಹಾಳೆಯ ಮೇಲೆ ಕೊನೆಯ ಭಾಗವನ್ನೂ ಸೇರಿಸಿಕೊಳ್ಳುತ್ತೇವೆ. ನೀರಿನ ಒತ್ತಡ ಇಳಿದ ಮೇಲೂ ಕಣಗಳು ನಿಧಾನವಾಗಿ ಜರುಗುತ್ತಲೇ ಇರುವುದರಿಂದ ಆ ಕೊನೆಯ ಭಾಗ ಶುದ್ಧವಾಗಿರುವುದಿಲ್ಲ. ಸಾಮಾನ್ಯವಾಗಿ ಟೇಲರ್ ಅಂಕಿಯೇ ದೊಡ್ಡದು. ಎರಡನ್ನೂ ವರದಿಯಲ್ಲಿ ಬರೆಯಿರಿ, ಒಂದು ವ್ಯಾಪ್ತಿ ಎಂದು ತಿಳಿಯಿರಿ.

ನಿಜವಾದ ಪ್ರಶ್ನೆ ಎರಡನೆಯದು. ನಿಮ್ಮ ಪರೀಕ್ಷೆಯ ಉಂಗುರದಲ್ಲಿ ಇರುವುದು 60 ಮಿಲಿಮೀಟರ್ ಅಗಲದ, 20 ಮಿಲಿಮೀಟರ್ ದಪ್ಪದ ಬಿಲ್ಲೆ. ಮೇಲೆ ಕೆಳಗೆ ರಂಧ್ರಗಲ್ಲು. ನಾಪೋಕ್ಲಿನವರ ಲೆಕ್ಕದಲ್ಲಿ ಈ ಗುಣಾಂಕಕ್ಕೆ ನಾನು ಹೇಳದೆಯೇ ಬಳಸಿದ ಅಂಕಿ, ಅಂದರೆ ವರ್ಷಕ್ಕೆ ಒಂದು ಚದರ ಮೀಟರ್, ನಿಮ್ಮ ಬಿಲ್ಲೆಗೂ ಅನ್ವಯಿಸಿದರೆ ಅದು ತೊಂಬತ್ತು ಪಾಲು ಮುಗಿಸುವುದು ಕೇವಲ 45 ನಿಮಿಷದಲ್ಲಿ. ಗದ್ದೆಯ ಜೇಡಿ ನಿಮ್ಮ ಬಿಲ್ಲೆಗಿಂತ 200 ಪಟ್ಟು ದಪ್ಪ. ಕಾಲ ಹೆಚ್ಚುವುದು 200ರ ವರ್ಗದಷ್ಟು, 40,000 ಪಟ್ಟು. 45 ನಿಮಿಷವನ್ನು ಅದರಿಂದ ಗುಣಿಸಿ ನೋಡಿ, ಅದೇ 3.4 ವರ್ಷ! ಹೊಸದಾಗಿ ಸೇರಿದ ಸಹಾಯಕರಿಗೆ ನಾನು ಈ ಗುಣಾಕಾರವನ್ನು ಕಪ್ಪು ಹಲಗೆಯ ಮೇಲೆ ಮಾಡಿಸುತ್ತಿದ್ದೆ. ಆಮೇಲೆ ಅವರು ಡಯಲ್ ಗೇಜಿನ ಮೊದಲ ಕಾಲು ನಿಮಿಷದ ಓದನ್ನು ತಪ್ಪಿಸುತ್ತಿರಲಿಲ್ಲ.

ಆದರೆ ನಾಲ್ಕು ಮೀಟರ್ ಜೇಡಿಯ ನಡುವೆ ಬೆರಳಿನಷ್ಟು ದಪ್ಪದ ಮರಳು ಪದರ ಒಂದಿದ್ದು, ಅದು ಹೊಳೆಯ ಕಡೆಗೆ ನೀರು ಬಿಡುತ್ತಿದ್ದರೆ? ದಾರಿ ಅರ್ಧವಾಗುತ್ತದೆ, ಕಾಲ ಕಾಲು ಭಾಗಕ್ಕೆ, ಹತ್ತು ತಿಂಗಳಿಗೆ ಇಳಿಯುತ್ತದೆ. ಆ ಪದರ ನಿಮ್ಮ ಎರಡು ಸೆಂಟಿಮೀಟರ್ ಬಿಲ್ಲೆಯಲ್ಲಿ ಕಾಣುವುದೇ ಇಲ್ಲ. ಬ್ರಿಟನ್ನಿನ ಮಣ್ಣುತಜ್ಞ ಪೀಟರ್ ರೋ 1972ರ ರ‍್ಯಾಂಕಿನ್ ಉಪನ್ಯಾಸದಲ್ಲಿ ಮಣ್ಣಿನ ಈ ಒಳನೇಯ್ಗೆಯನ್ನೇ ನೋಡಿ ಎಂದು ವಿವರವಾಗಿ ವಾದಿಸಿದರು. ಹೊಳೆ ಪ್ರವಾಹದಲ್ಲಿ ತಂದು ಹಾಸಿದ ನಮ್ಮ ಬಯಲುಗಳಲ್ಲಿ ಇಂಥ ಪದರ ಸಿಗುವುದು ಅಪರೂಪವಲ್ಲ. ಒಂದು ಮಾದರಿಯನ್ನು ಉದ್ದಕ್ಕೆ ಸೀಳಿ ನೆರಳಿನಲ್ಲಿ ಅರ್ಧ ಒಣಗಲು ಬಿಡಿ. ಮರಳಿನ ಗೆರೆಗಳು ಮೊದಲು ಬೆಳ್ಳಗಾಗಿ ಕಣ್ಣಿಗೆ ಬೀಳುತ್ತವೆ. ಯಾವ ಯಂತ್ರವೂ ಬೇಡ.

ಮಾದರಿಯನ್ನು ತರುವುದರಲ್ಲೂ ಜಾಗ್ರತೆ ಇರಲಿ. ತೆಳು ಗೋಡೆಯ ಕೊಳವೆಯಲ್ಲಿ ತೆಗೆದು ಎರಡೂ ತುದಿಗೆ ಮೇಣ ಹಾಕಿ, ನೆಟ್ಟಗೆ ನಿಲ್ಲಿಸಿ ತರಬೇಕು. ಜೀಪಿನ ಹಿಂಬದಿಯಲ್ಲಿ ಕುಲುಕಿದ ಜೇಡಿ ತನ್ನ ಗುಣ ಮರೆತುಬಿಡುತ್ತದೆ. ವಿರಾಜಪೇಟೆಯಿಂದ ಹುಣಸೂರು ದಾರಿಯಾಗಿ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ನಾನು ಎಷ್ಟೋ ಕೊಳವೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಪ್ರಯಾಣ ಮಾಡಿದ್ದೇನೆ. ಕೂಸನ್ನು ಹಿಡಿದ ಹಾಗೆ ಹಿಡಿದಿದ್ದೀರಲ್ಲ ಎಂದು ಒಮ್ಮೆ ಪಕ್ಕದಲ್ಲಿದ್ದ ಅಜ್ಜಿ ಕೇಳಿದ್ದರು. ಹೌದು, ಹಾಗೆಯೇ ಹಿಡಿಯಬೇಕು.

ಪ್ರಶ್ನೆ: ಗದ್ದೆಗೆ ಮಣ್ಣು ತುಂಬಿ ಕಾಫಿ ಒಣಗಿಸಲು ಕಾಂಕ್ರೀಟಿನ ಕಣ ಮಾಡಿಸಿದೆ. ಎರಡೇ ವರ್ಷದಲ್ಲಿ ನಡುವೆ ಬೋಗುಣಿಯಂತೆ ತಗ್ಗಿ ನೀರು ನಿಲ್ಲುತ್ತಿದೆ. ಕಾಂಕ್ರೀಟು ಕಳಪೆಯೇ?
— ಬೆಳೆಗಾರರು, ಗೋಣಿಕೊಪ್ಪಲು

ನೀವು ಬರೆದಿರುವುದನ್ನು ನೋಡಿದರೆ ಕಾಂಕ್ರೀಟಿನ ಮೇಲೆ ನನಗೆ ಸಂಶಯವಿಲ್ಲ. ಅಗಲವಾಗಿ ಹೇರಿದ ಭಾರದ ಕೆಳಗೆ ಒತ್ತಡ ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಬಯಲಿನ ನಡುವೆ ಜೇಡಿಯ ದಪ್ಪವೂ ಹೆಚ್ಚು. ಹಾಗಾಗಿ ಬೋಗುಣಿಯ ಆಕಾರವೇ ಬರುತ್ತದೆ. ಈಗಲೇ ಮೇಲೆ ಇನ್ನೊಂದು ಪದರ ಕಾಂಕ್ರೀಟು ಹಾಕಿ ಮಟ್ಟ ಮಾಡಿಸಬೇಡಿ. ಅದು ಹೊಸ ಭಾರ, ಹೊಸ ಇಳಿತ. ಕಣದ ನಡುವೆ ಮತ್ತು ನಾಲ್ಕು ಮೂಲೆಗೆ ಬಣ್ಣದ ಗುರುತು ಹಾಕಿ ಈ ಡಿಸೆಂಬರಿನಿಂದ ಮುಂದಿನ ಕೊಯ್ಲಿನವರೆಗೆ ತಿಂಗಳಿಗೊಮ್ಮೆ ಅಳೆಯಿರಿ. ಅಲ್ಲಿಯವರೆಗೆ ನೀರು ಹೋಗಲು ಒಂದು ಕಿರು ಕಾಲುವೆ ಕೊರೆಸಿ. ಮುಂದೆ ಮಾಡಿಸುವಾಗ ಮಧ್ಯದಲ್ಲಿ ಉಬ್ಬು ಕೊಟ್ಟು, ಸಣ್ಣ ಸಣ್ಣ ಹಾಸುಗಳಾಗಿ ಜೋಡು ಬಿಟ್ಟು ಮಾಡಿಸಿ.

ಪ್ರಶ್ನೆ: ನಮ್ಮದು ಗದ್ದೆ ಅಂಚಿನ ಹಳೆಯ ಮನೆ. ಪಕ್ಕದ ತೋಟದವರು ಕೆರೆ ಆಳ ಮಾಡಿಸಿ ಫೆಬ್ರವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದ ಮೇಲೆ ಗೋಡೆ ಬಿರಿಯುತ್ತಿದೆ. ನೀರು ತೆಗೆದರೆ ನೆಲ ತಗ್ಗುತ್ತದೆಯೇ?
— ಓದುಗರು, ಸಿದ್ದಾಪುರ

ತಗ್ಗಬಹುದು. ಅಂತರ್ಜಲ ಒಂದು ಮೀಟರ್ ಇಳಿದರೆ ಅದರ ಕೆಳಗಿನ ಜೇಡಿಯ ಕಣಗಳ ಮೇಲೆ ಚದರ ಮೀಟರಿಗೆ ಸುಮಾರು ಒಂದು ಟನ್ ಹೊಸ ಭಾರ ಬೀಳುತ್ತದೆ, ಮೇಲೆ ಒಂದು ಹಿಡಿ ಮಣ್ಣನ್ನೂ ಹೇರದೆ. ಹಳೆಯ ಸರೋವರದ ಜೇಡಿಯ ಮೇಲೆ ನಿಂತ ಮೆಕ್ಸಿಕೊ ನಗರ ಕೊಳವೆಬಾವಿಗಳಿಂದ ನೀರೆತ್ತಿದ ಕಾರಣದಿಂದಲೇ ಇಪ್ಪತ್ತನೆಯ ಶತಮಾನದಲ್ಲಿ ಕೆಲವೆಡೆ ಒಂಬತ್ತು ಮೀಟರಿಗೂ ಹೆಚ್ಚು ತಗ್ಗಿತು.

ಆದರೂ ನೆರೆಯವರ ಬಾಗಿಲು ತಟ್ಟುವ ಮುನ್ನ ಒಂದು ವರ್ಷ ಅಳೆಯಿರಿ ಎಂದು ಕೈಮುಗಿದು ಕೇಳುತ್ತೇನೆ. ಬೇಸಗೆಯಲ್ಲಿ ಮೇಲ್ಪದರದ ಜೇಡಿ ಒಣಗಿ ಕುಗ್ಗುವುದರಿಂದಲೂ ಬಿರುಕು ಬರುತ್ತದೆ. ಬಿರುಕಿನ ಎರಡೂ ಬದಿಗೆ ಒಂದೊಂದು ಉಕ್ಕಿನ ಮೊಳೆ ಹೊಡೆದು, ನಡುವಿನ ಅಂತರವನ್ನು ಪ್ರತಿ ತಿಂಗಳ ಒಂದನೇ ತಾರೀಕು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಬರೆದಿಡಿ. ಅದೇ ದಿನ ಬಾವಿಯ ನೀರಿನ ಮಟ್ಟವನ್ನೂ ಬರೆಯಿರಿ. ಏಪ್ರಿಲಿನಲ್ಲಿ ಬಿಟ್ಟು ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಮುಚ್ಚಿಕೊಂಡರೆ ಅದು ಒಣಗುವಿಕೆಯ ಬಿರುಕು. ಮಳೆಯಲ್ಲೂ ಮುಚ್ಚದೆ ವರ್ಷವಿಡೀ ಒಂದೇ ದಿಕ್ಕಿಗೆ ಹೆಚ್ಚುತ್ತಾ ಹೋದರೆ ನೆಲ ತಗ್ಗುತ್ತಿದೆ. ಆಗ ನಿಮ್ಮ ಪುಸ್ತಕವನ್ನೇ ನೆರೆಯವರ ಮುಂದೆ ಇಟ್ಟು ಮಾತನಾಡಿ.

ಪ್ರಶ್ನೆ: 2018ರ ಆಗಸ್ಟಿನ ಭೂಕುಸಿತ ಕಂಡ ಮೇಲೆ ಭಯವಾಗುತ್ತದೆ. ನಮ್ಮ ಜಾಗ ಬರೆಯ ಮೇಲಿದೆ. ಈ ಲೆಕ್ಕಗಳು ಅಲ್ಲಿಗೂ ಅನ್ವಯಿಸುತ್ತವೆಯೇ?
— ಓದುಗರು, ಮಡಿಕೇರಿ

ಇಲ್ಲ, ದಯವಿಟ್ಟು ಅನ್ವಯಿಸಬೇಡಿ. ಗದ್ದೆಯ ಜೇಡಿಯಲ್ಲಿ ನೀರಿನ ಒತ್ತಡ ತಿಂಗಳುಗಟ್ಟಲೆ ಇಳಿಯುತ್ತದೆ, ಮಣ್ಣು ಬಲಗೊಳ್ಳುತ್ತದೆ. ಬರೆಯಲ್ಲಿ ಬಿಡದೆ ಮಳೆ ಸುರಿದಾಗ ಒತ್ತಡ ಏರುತ್ತದೆ, ಮಣ್ಣು ಬಲ ಕಳೆದುಕೊಳ್ಳುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಇಳಿಜಾರು ಮತ್ತು ನೀರು ಹರಿಯುವ ದಾರಿ. ಇಳಿತದ ವಿಚಾರದಲ್ಲಿ ಒಂದೇ ಎಚ್ಚರಿಕೆ: ಜೆಸಿಬಿಯಲ್ಲಿ ಬರೆ ಕಡಿದು ಅದೇ ಮಣ್ಣನ್ನು ಮುಂದಕ್ಕೆ ದೂಡಿ ಮಟ್ಟ ಮಾಡಿದ ಜಾಗದಲ್ಲಿ, ಅರ್ಧ ಮನೆ ಕಡಿದ ಗಟ್ಟಿ ನೆಲದ ಮೇಲೂ ಅರ್ಧ ಸಡಿಲ ಮಣ್ಣಿನ ಮೇಲೂ ಕೂರದಿರಲಿ. ಆ ಸಡಿಲ ಮಣ್ಣು ಮೊದಲ ಜೋರು ಮಳೆಗೆ ಒದ್ದೆಯಾಗಿ ಥಟ್ಟನೆ ಕೂರುತ್ತದೆ, ಮನೆ ಎರಡರ ಗಡಿಯಲ್ಲಿ ಸೀಳುತ್ತದೆ. ಇಡೀ ಮನೆ ಕಡಿದ ನೆಲದ ಮೇಲೆಯೇ ಇರಲಿ.

ಪ್ರಶ್ನೆ: ತಟ್ಟೆ ಇಟ್ಟರೆ ಇಳಿತ ತಿಳಿಯುತ್ತದೆ, ಸರಿ. ಒಳಗಿನ ನೀರು ಹೊರಗೆ ಹೋಗಿದೆಯೇ ಎಂದು ತಿಳಿಯುವುದು ಹೇಗೆ? ಬೇಗ ಹೊರಡಿಸಲು ದಾರಿ ಇದೆಯೇ?
— ಗುತ್ತಿಗೆದಾರರು, ಮೂರ್ನಾಡು

ನೆಲದೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಬೇಕು. ಸರಳವಾದದ್ದನ್ನು ನೀವೇ ಮಾಡಬಹುದು. ಕಿರಿದಾದ ಪಿವಿಸಿ ಪೈಪಿನ ಕೆಳಗಿನ ಒಂದು ಅಡಿಗೆ ತೂತು ಕೊರೆದು ಸೋಸುಬಟ್ಟೆ ಸುತ್ತಿ, ಜೇಡಿ ಪದರದ ನಡುವಿನ ಆಳಕ್ಕೆ ಇಳಿಸಿ. ತೂತಿನ ಭಾಗದ ಸುತ್ತ ಮರಳು, ಅದರ ಮೇಲೆ ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಜೇಡಿ) ಉಂಡೆಗಳ ಬಿಗಿಯಾದ ಬಿರಡೆ. ಬಿರಡೆ ಸರಿಯಿಲ್ಲದಿದ್ದರೆ ನೀವು ಅಳೆಯುವುದು ಮಳೆನೀರನ್ನು. ಐದು ಅಡಿ ಮಣ್ಣು ಹೇರಿದ ಹೊಸತರಲ್ಲಿ ಪೈಪಿನೊಳಗಿನ ನೀರು ಸುತ್ತಲಿನ ಅಂತರ್ಜಲಕ್ಕಿಂತ 2.7 ಮೀಟರಿನವರೆಗೂ ಮೇಲೇರಬಹುದು. ಹೇರಿದ 2.7 ಟನ್ನನ್ನು ಆಗ ಹೊತ್ತಿರುವುದು ಆ ನೀರೇ. ಪೈಪಿನ ಮಟ್ಟ ತಿಂಗಳು ತಿಂಗಳು ಇಳಿದು, ಹೇರಿಕೆಯಿಂದ ದೂರದ ಬಾವಿಯ ಮಟ್ಟವನ್ನು ಸೇರಿದಾಗ ಕೆಲಸ ಮುಗಿಯಿತು. ಜೇಡಿ ನೀರು ಬಿಡುವುದು ನಿಧಾನವಾದ್ದರಿಂದ ಪೈಪು ಸರಿಯಾದ ಮಟ್ಟ ತೋರಿಸಲು ಕೆಲವು ದಿನ, ಒಮ್ಮೊಮ್ಮೆ ವಾರಗಳೂ ಬೇಕು. ಪೈಪು ಕಿರಿದಾದಷ್ಟೂ ಬೇಗ.

ನೀರನ್ನು ಬೇಗ ಹೊರಡಿಸಲು ಸುಮಾರು 100 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಗಳನ್ನು ಮೀಟರಿಗೊಂದರಂತೆ ಜೇಡಿಯೊಳಗೆ ನೆಡುತ್ತಾರೆ. ಆಗ ನೀರು ಮೀಟರುಗಟ್ಟಲೆ ಮೇಲಕ್ಕೆ ಸಾಗಬೇಕಿಲ್ಲ, ಅರ್ಧ ಮೀಟರ್ ಪಕ್ಕಕ್ಕೆ ಸರಿದರೆ ಸಾಕು. ರಸ್ತೆ, ಬಂದರುಗಳಿಗೆ ಇದು ಯೋಗ್ಯ, ಒಂದು ಮನೆಗೆ ದುಬಾರಿ. ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣದ ಕೃತಕ ದ್ವೀಪದಲ್ಲಿ ಮೇಲಿನ ಜೇಡಿಗೆ ಮರಳಿನ ಕಂಬಗಳನ್ನು ಇಳಿಸಿ ನೀರು ಹೊರಡಿಸಿದರು. ಅವು ತಲುಪದ ಆಳದ ಜೇಡಿ 1994ರಲ್ಲಿ ನಿಲ್ದಾಣ ತೆರೆದ ಮೇಲೂ ತಗ್ಗುತ್ತಲೇ ಇದೆ. ಪಟ್ಟಿ ಎಷ್ಟು ಆಳ ಹೋಗಬೇಕು ಎನ್ನುವುದನ್ನು ಕೊರೆದು ನೋಡಿದ ಮೇಲೆಯೇ ತೀರ್ಮಾನಿಸಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಗದ್ದೆ ತುಂಬಿಸಿ ಮನೆ ಕಟ್ಟಿ ಮುಗಿಸಿದ್ದೇವೆ. ಯಾವ ತಟ್ಟೆಯನ್ನೂ ಇಟ್ಟಿರಲಿಲ್ಲ. ತಡವಾಯಿತೇ?
— ಓದುಗರು, ಕುಟ್ಟ

ಇಲ್ಲಮ್ಮ, ತಡವಾಗಿಲ್ಲ. ಮನೆಯ ತಳಪಾಯದ ನಾಲ್ಕು ಮೂಲೆಯಲ್ಲಿ, ನೆಲದಿಂದ ಒಂದು ಅಡಿ ಮೇಲೆ ತುಕ್ಕು ಹಿಡಿಯದ ಮೊಳೆ ಕೂರಿಸಿ. ಹೊರಗಿನ ಬಂಡೆಯೊಂದರ ಮೇಲೆ ಉಳಿಯಿಂದ ಗುರುತು ಕೆತ್ತಿಸಿ. ಟ್ಯೂಬಿನ ನೀರಿನಿಂದ ನಾಲ್ಕರ ಮಟ್ಟವನ್ನೂ ಆ ಗುರುತಿಗೆ ಹೋಲಿಸಿ ಅಳೆಯಿರಿ. ನಾಲ್ಕೂ ಮೂಲೆ ಸಮನಾಗಿ ಇಳಿಯುತ್ತಿದ್ದರೆ ಮನೆಗೆ ಅಪಾಯ ಕಡಿಮೆ. ಹೊರಗಿನ ಮೆಟ್ಟಿಲು, ನೀರಿನ ಪೈಪಿನ ಜೋಡಣೆಗಳನ್ನು ಮಾತ್ರ ಗಮನಿಸಿ. ಒಂದು ಮೂಲೆ ಉಳಿದವುಗಳನ್ನು ಬಿಟ್ಟು ಇಳಿಯುತ್ತಿದ್ದರೆ ಎಂಜಿನಿಯರರನ್ನು ಕರೆಸಿ. ಮೊದಲ ಅಳತೆಯನ್ನು ಈ ಮಳೆ ಹಿಡಿಯುವ ಮುನ್ನವೇ ತೆಗೆದುಕೊಳ್ಳಿ. ಎರಡನೆಯದು ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ. ಎರಡನ್ನೂ ಬರೆದು ಕಳುಹಿಸಿದರೆ ನಾನು ನೋಡಿ ಉತ್ತರಿಸುತ್ತೇನೆ.